ಚಾವಣಿಯಿಂದ ಆರಂಭಿಸಿ: ಹಳೆಯ ಗೋದಾಮನ್ನು ಬೆಳಕು ತುಂಬಿದ ವಿನ್ಯಾಸ ಸ್ಟುಡಿಯೊ ಆಗಿಸುವ ಕ್ರಮ

ಗೋದಾಮನ್ನು ಕಟ್ಟಿದವರಿಗೆ ಬೆಳಕು ಬೇಕಿರಲಿಲ್ಲ. ಮೂಟೆಗಳಿಗೂ ಪೆಟ್ಟಿಗೆಗಳಿಗೂ ಬೇಕಾದದ್ದು ಮಳೆ ತಾಗದ ಸೂರು, ಭಾರ ತಾಳುವ ನೆಲ, ಸರಕಿನ ಗಾಡಿ ಒಳಗೆ ಬರುವಷ್ಟು ಅಗಲದ ಬಾಗಿಲು. ಬಿಸಿಲು ಬಿದ್ದರೆ ಸರಕಿನ ಬಣ್ಣ ಮಾಸುವುದರಿಂದ ಗೋಡೆಗಳನ್ನು ಬೇಕೆಂದೇ ಕುರುಡಾಗಿ ಬಿಟ್ಟು, ಗಾಳಿಯಾಡಲು ಮಾತ್ರ ಮೇಲ್ಗಡೆ ಸಣ್ಣ ಕಿಂಡಿಗಳನ್ನು ಇಡುತ್ತಿದ್ದರು.

ವಿನ್ಯಾಸಕಾರರ ಅಗತ್ಯ ಇದಕ್ಕೆ ತದ್ವಿರುದ್ಧ. ಬಣ್ಣ, ಗೆರೆ, ಅಕ್ಷರ, ಬಟ್ಟೆಯ ನೇಯ್ಗೆ, ಮಾದರಿಯ ಅಂಚು ಇವುಗಳನ್ನು ದಿನವಿಡೀ ಕಣ್ಣಿಟ್ಟು ನೋಡುವವರಿಗೆ ಬೆಳಕೇ ಮೊದಲ ಉಪಕರಣ. ಆದರೂ ಗೋದಾಮು ಈ ಕೆಲಸಕ್ಕೆ ಒಳ್ಳೆಯ ಆಯ್ಕೆಯಾಗುವುದು, ಹೊಸ ಕಟ್ಟಡದಲ್ಲಿ ದುಬಾರಿಯಾಗುವ ಎತ್ತರ, ಕಂಬಗಳಿಲ್ಲದ ಹರವು ಮತ್ತು ಗಟ್ಟಿ ನೆಲ ಅಲ್ಲಿ ಆಗಲೇ ಇರುವುದರಿಂದ. ಇಲ್ಲದಿರುವುದು ಬೆಳಕು, ಹದವಾದ ಕಾವು, ಮಾತು ಸ್ಪಷ್ಟವಾಗಿ ಕೇಳಿಸುವ ನೆಮ್ಮದಿ. ಈ ಮೂರೂ ಬಹುಮಟ್ಟಿಗೆ ಚಾವಣಿಯಲ್ಲೇ ತೀರ್ಮಾನವಾಗುತ್ತವೆ. ಆದ್ದರಿಂದ ಇರುವ ಹಣವನ್ನು ಮೊದಲು ಚಾವಣಿಗೆ ಹಾಕಿ, ಅದರ ಕೆಳಗಿನ ಎಲ್ಲದರಲ್ಲೂ ಕೈ ಬಿಗಿಹಿಡಿಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮೇಜು ಕುರ್ಚಿಗಳನ್ನು ಯಾವ ವರ್ಷ ಬೇಕಾದರೂ ಬದಲಿಸಬಹುದು. ಜನ ಕುಳಿತು ಕೆಲಸ ಆರಂಭಿಸಿದ ಮೇಲೆ ತಲೆಯ ಮೇಲಿನ ಸೂರನ್ನು ಬಿಚ್ಚುವುದು ಬಹಳ ಕಷ್ಟ.

ಕರಾರಿಗೆ ಸಹಿ ಹಾಕುವ ಮುನ್ನ

ಕಟ್ಟಡವನ್ನು ಕನಿಷ್ಠ ಮೂರು ಬಾರಿ ನೋಡಿ: ಒಮ್ಮೆ ನಡುಹಗಲಿನಲ್ಲಿ, ಒಮ್ಮೆ ಮುಸ್ಸಂಜೆ, ಒಮ್ಮೆ ಜೋರು ಮಳೆಯಲ್ಲಿ. ನಡುಹಗಲಿನಲ್ಲಿ ದೀಪಗಳನ್ನೆಲ್ಲ ಆರಿಸಿ ಬಾಗಿಲು ಮುಚ್ಚಿ ನಿಂತರೆ ಚಾವಣಿಯ ತೂತುಗಳು ನಕ್ಷತ್ರಗಳಂತೆ ಕಾಣುತ್ತವೆ. ಮಳೆಯ ದಿನ ಹೋದರೆ ಆ ತೂತುಗಳಲ್ಲಿ ಯಾವುವು ನಿಜವಾಗಿ ಸೋರುತ್ತವೆ, ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂಬುದು ತಿಳಿಯುತ್ತದೆ. ಬಿಸಿಲಿನಲ್ಲಿ ಮಾತ್ರ ನೋಡಿದ ಗೋದಾಮನ್ನು ಅರ್ಧ ಮಾತ್ರ ನೋಡಿದಂತೆ.

ಗೋದಾಮನ್ನು ಕೆಲಸದ ಸ್ಥಳವಾಗಿ ಬಳಸಲು ಹಲವು ಕಡೆ ಬಳಕೆ ಬದಲಾವಣೆಯ ಅನುಮತಿ ಬೇಕಾಗುತ್ತದೆ. ಅದು ದೊರೆಯುವುದು ಖಚಿತವಾಗುವವರೆಗೆ ಒಂದು ಮೊಳೆಯನ್ನೂ ಹೊಡೆಯಬಾರದು. ಬಾಡಿಗೆಯ ಕಟ್ಟಡವಾದರೆ ಇನ್ನೊಂದು ಮಾತನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ನೀವು ಹಾಕಿಸುವ ಚಾವಣಿಯ ಬೆಳಕಿಂಡಿಯಾಗಲಿ ಶಾಖತಡೆಯಾಗಲಿ ನೀವು ಹೊರಟ ಮೇಲೂ ಕಟ್ಟಡದಲ್ಲೇ ಉಳಿಯುವುದರಿಂದ, ಅದಕ್ಕೆ ಪ್ರತಿಯಾಗಿ ದೀರ್ಘ ಅವಧಿಯ ಕರಾರನ್ನೋ ಮೊದಲ ಕೆಲವು ತಿಂಗಳ ಬಾಡಿಗೆ ವಿನಾಯಿತಿಯನ್ನೋ ಬರವಣಿಗೆಯಲ್ಲಿ ಕೇಳುವುದು ನ್ಯಾಯವಾದದ್ದೇ.

ಹಳೆಯ ಗೋದಾಮುಗಳ ಬೂದುಬಣ್ಣದ ಅಲೆಅಲೆಯಾದ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುವ ಸಾಧ್ಯತೆ ಹೆಚ್ಚು. ಶೀಟು ಇಡಿಯಾಗಿರುವವರೆಗೆ ಅಪಾಯ ಕಡಿಮೆ. ಅದನ್ನು ಕೊರೆದಾಗ, ಒಡೆದಾಗ, ಉಜ್ಜಿದಾಗ ಅಥವಾ ಒತ್ತಡದ ನೀರಿನಿಂದ ತೊಳೆದಾಗ ಕಣ್ಣಿಗೆ ಕಾಣದ ಎಳೆಗಳು ಬಿಡುಗಡೆಯಾಗಿ ಶ್ವಾಸಕೋಶ ಸೇರುತ್ತವೆ. ಅವು ಉಂಟುಮಾಡುವ ಕಾಯಿಲೆಗಳು ಹಲವು ದಶಕಗಳ ನಂತರ ತಲೆದೋರುವುದರಿಂದ ಆ ಹೊತ್ತಿಗೆ ಏನೂ ಆಗಲಿಲ್ಲವೆಂಬ ಧೈರ್ಯಕ್ಕೆ ಅರ್ಥವಿಲ್ಲ. ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ತೆಗೆಯುವ ಕೆಲಸವನ್ನು ಪರವಾನಗಿ ಪಡೆದವರಿಗೇ ಬಿಡಿ. ಆ ಖರ್ಚು ನಿಮ್ಮ ಕೈ ಮೀರುವಂತಿದ್ದರೆ ಬೇರೆ ಕಟ್ಟಡ ಹುಡುಕುವುದೇ ಒಳಿತು. ಹಳೆಯ ಬಣ್ಣದ ಪದರಗಳಲ್ಲಿ ಸೀಸವಿರಬಹುದಾದ್ದರಿಂದ ಅವನ್ನೂ ಒಣಗಿದ್ದಂತೆಯೇ ಉಜ್ಜಬಾರದು, ಸುಡಲೂಬಾರದು.

ಭಾರದ ವಿಷಯದಲ್ಲಿ ಗೋದಾಮು ಒಂದು ವಿಚಿತ್ರ ಕಟ್ಟಡ. ಕಚೇರಿಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 250 ಕಿಲೋಗ್ರಾಂ ಭಾರಕ್ಕೆ ಲೆಕ್ಕ ಹಾಕಿದರೆ, ಗೋದಾಮಿನ ನೆಲ ಅದರ ಹಲವು ಪಟ್ಟು ತಾಳುತ್ತದೆ. ಆದರೆ ಅದರ ಚಾವಣಿಯನ್ನು ಹೊರುವ ತ್ರಿಕೋನ ಚೌಕಟ್ಟುಗಳು, ಅಂದರೆ ಟ್ರಸ್‌ಗಳು ತಮ್ಮ ತೂಕ, ಶೀಟಿನ ತೂಕ, ಗಾಳಿಯ ಒತ್ತಡ, ದುರಸ್ತಿಗೆ ಏರುವ ಒಬ್ಬಿಬ್ಬರ ಭಾರ ಇಷ್ಟನ್ನೇ ಲೆಕ್ಕದಲ್ಲಿಟ್ಟು ಮಾಡಿದವು. ನೆಲದ ಮೇಲೆ ಏನನ್ನಾದರೂ ಇಡಬಹುದೆಂಬ ಧೈರ್ಯವನ್ನು ಮೇಲಿನಿಂದ ಏನನ್ನಾದರೂ ತೂಗುಹಾಕಬಹುದೆಂದು ವಿಸ್ತರಿಸಬಾರದು. ಚಾವಣಿಗೆ ಸೇರಿಸಬೇಕೆಂದಿರುವ ಪ್ರತಿಯೊಂದರ ತೂಕದ ಪಟ್ಟಿ ಮಾಡಿ ರಚನಾ ಎಂಜಿನಿಯರ್ ಒಬ್ಬರಿಗೆ ತೋರಿಸಿ. ಈ ಒಂದು ಶುಲ್ಕವನ್ನು ಉಳಿಸಲು ಹೋಗಬೇಡಿ.

ನೆಲದ ತೇವವನ್ನು ನೀವೇ ಪರೀಕ್ಷಿಸಬಹುದು. ಸುಮಾರು 45 ಸೆಂಟಿಮೀಟರ್ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕಾಂಕ್ರೀಟಿನ ಮೇಲೆ ಹರಡಿ, ನಾಲ್ಕೂ ಅಂಚನ್ನು ಟೇಪಿನಿಂದ ಮುಚ್ಚಿ, ಕನಿಷ್ಠ 16 ಗಂಟೆ ಬಿಡಿ. ಹಾಳೆಯ ಅಡಿಯಲ್ಲಿ ಹನಿ ಕಟ್ಟಿದ್ದರೆ ಅಥವಾ ಕಾಂಕ್ರೀಟು ಕಪ್ಪಾಗಿದ್ದರೆ ಕೆಳಗಿನಿಂದ ತೇವ ಏರುತ್ತಿದೆಯೆಂದು ಅರ್ಥ. ಅಂಥ ನೆಲಕ್ಕೆ ಮರದ ಹಲಗೆಯನ್ನಾಗಲಿ ವಿನೈಲ್ ಹಾಳೆಯನ್ನಾಗಲಿ ನೇರವಾಗಿ ಅಂಟಿಸಿದರೆ ಎದ್ದುಬರುತ್ತದೆ.

ಬೆಳಕನ್ನು ಅಳೆದು ತರುವುದು

ಮೊದಲು ಇರುವ ಬೆಳಕನ್ನು ಬಿಡಿಸಿಕೊಳ್ಳಿ. ದಶಕಗಳ ಧೂಳು ಮೆತ್ತಿದ ಗಾಜನ್ನು ತೊಳೆಯುವುದಕ್ಕಿಂತ ಅಗ್ಗದ ಕಿಟಕಿ ಇನ್ನೊಂದಿಲ್ಲ. ಗೋಡೆಯ ಹೊರಮೈಯನ್ನು ಗಮನವಿಟ್ಟು ನೋಡಿದರೆ ಯಾವಾಗಲೋ ಇಟ್ಟಿಗೆ ತುಂಬಿ ಮುಚ್ಚಿದ ಕಿಟಕಿಗಳ ಗುರುತು ಕಾಣಬಹುದು. ಅವುಗಳ ಮೇಲಿನ ಗೋಡೆಯ ಭಾರ ಹೊರುವ ಲಿಂಟಲ್ಲೋ ಕಮಾನೋ ಹಾಗೆಯೇ ಉಳಿದಿದ್ದರೆ, ಎಂಜಿನಿಯರ್ ಪರಿಶೀಲಿಸಿದ ಮೇಲೆ ಅದನ್ನು ಮತ್ತೆ ತೆರೆಯುವ ಖರ್ಚು ಹೊಸ ಕಿಂಡಿ ಒಡೆಯುವ ಖರ್ಚಿಗಿಂತ ತೀರ ಕಡಿಮೆ.

ಆಮೇಲೆ ಅಳೆಯಿರಿ. ಮೋಡ ಕವಿದ ದಿನ ಮಧ್ಯಾಹ್ನದ ಹೊತ್ತಿಗೆ, ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುವ ಲಕ್ಸ್ ಮೀಟರ್ ಹಿಡಿದು, ಮೇಜಿನ ಎತ್ತರದಲ್ಲಿ, ಎರಡು ಮೂರು ಮೀಟರಿಗೊಂದು ಅಳತೆಯನ್ನು ನೆಲದ ನಕ್ಷೆಯ ಮೇಲೆ ಬರೆದುಕೊಳ್ಳಿ. ಅದೇ ಹೊತ್ತಿನಲ್ಲಿ ಹೊರಗಿನ ಬಯಲಿನ ಅಳತೆಯನ್ನೂ ತೆಗೆದುಕೊಳ್ಳಿ. ಒಳಗಿನ ಬೆಳಕು ಹೊರಗಿನದರ ಶೇಕಡ 2ಕ್ಕಿಂತ ಕಡಿಮೆಯಿರುವ ಜಾಗ ಹಗಲಲ್ಲೂ ಮಂಕಾಗಿ ತೋರುತ್ತದೆ. ಶೇಕಡ 5 ದಾಟಿದರೆ ದಿನದ ಬಹುಪಾಲು ದೀಪವಿಲ್ಲದೆ ಕೆಲಸ ನಡೆಯುತ್ತದೆ. ಹೊರಗೆ 10,000 ಲಕ್ಸ್ ಇದ್ದಾಗ ಶೇಕಡ 5 ಎಂದರೆ 500 ಲಕ್ಸ್. ಯುರೋಪಿನ ಇಎನ್ 12464-1 ಮಾನದಂಡ ಓದು, ಬರಹ ಮತ್ತು ಕಂಪ್ಯೂಟರ್ ಕೆಲಸಕ್ಕೆ ಹೇಳುವುದೂ ಇಷ್ಟನ್ನೇ. ತಾಂತ್ರಿಕ ರೇಖಾಚಿತ್ರಕ್ಕೆ ಅದು 750 ಲಕ್ಸ್ ಕೇಳುತ್ತದೆ.

ಈ ನಕ್ಷೆ ಕೈಗೆ ಬಂದರೆ ಗೋಡೆಯ ಕಿಟಕಿಯ ಮಿತಿ ಕಣ್ಣಿಗೆ ಕಟ್ಟುತ್ತದೆ. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡು ಪಟ್ಟು, ಹೆಚ್ಚೆಂದರೆ ಎರಡೂವರೆ ಪಟ್ಟು ದೂರದವರೆಗೆ ಮಾತ್ರ ಬಳಕೆಗೆ ಬರುವ ಬೆಳಕು ಒಳಗೆ ಸಾಗುತ್ತದೆ. ಮೂರು ಮೀಟರ್ ಎತ್ತರದ ಕಿಟಕಿಗಳು ಎರಡೂ ಬದಿಗಿದ್ದರೂ 20 ಮೀಟರ್ ಅಗಲದ ಗೋದಾಮಿನ ನಡುವಿನ ಐದೆಂಟು ಮೀಟರ್ ಕತ್ತಲಾಗಿಯೇ ಉಳಿಯುತ್ತದೆ. ಅದನ್ನು ತುಂಬಬಲ್ಲದ್ದು ಚಾವಣಿಯ ಬೆಳಕಿಂಡಿ ಮಾತ್ರ. ಪೂರ್ಣ ಮೋಡ ಕವಿದ ಆಕಾಶದಲ್ಲಿ ನೆತ್ತಿಯ ಭಾಗ ದಿಗಂತಕ್ಕಿಂತ ಸುಮಾರು ಮೂರು ಪಟ್ಟು ಪ್ರಕಾಶವಾಗಿರುವುದರಿಂದ, ಒಂದು ಚದರ ಮೀಟರ್ ಬೆಳಕಿಂಡಿ ಅಷ್ಟೇ ಅಳತೆಯ ಕಿಟಕಿಗಿಂತ ಬಹಳ ಹೆಚ್ಚು ಬೆಳಕು ಕೊಡುತ್ತದೆ.

ಎಷ್ಟು ಬೆಳಕಿಂಡಿ ಬೇಕೆಂಬುದು ಹವಾಮಾನಕ್ಕೆ ಬಿಟ್ಟದ್ದು. ಸುಡುಬಿಸಿಲಿನ ಪ್ರದೇಶದಲ್ಲಿ ನೆಲದ ವಿಸ್ತೀರ್ಣದ ಶೇಕಡ 3ರಿಂದ 5ರಷ್ಟು, ಮೋಡ ಮುಸುಕಿದ ತಂಪು ಪ್ರದೇಶದಲ್ಲಿ ಶೇಕಡ 10ರಿಂದ 15ರಷ್ಟು ಎಂದು ಲೆಕ್ಕ ಆರಂಭಿಸಬಹುದು. ಒಂದು ದೊಡ್ಡ ಕಿಂಡಿಗಿಂತ ಹಲವು ಚಿಕ್ಕವು ಮೇಲು. ಎರಡು ಕಿಂಡಿಗಳ ನಡುವಿನ ಅಂತರ ಚಾವಣಿಯ ಎತ್ತರದ ಒಂದೂವರೆ ಪಟ್ಟು ಮೀರದಿದ್ದರೆ ಕೆಳಗೆ ಬೆಳಕು ಕಲೆಕಲೆಯಾಗದೆ ಸಮನಾಗಿ ಹರಡುತ್ತದೆ. ಹತ್ತೊಂಬತ್ತನೆಯ ಶತಮಾನದ ಬಟ್ಟೆ ಗಿರಣಿಗಳು ಗರಗಸದ ಹಲ್ಲಿನಂಥ ಚಾವಣಿ ಕಟ್ಟಿ, ಗಾಜನ್ನು ಸೂರ್ಯನಿಗೆ ಬೆನ್ನು ಮಾಡಿದ ಬದಿಗಷ್ಟೇ ಇಟ್ಟದ್ದು ನೇಯುವವರು ನೂಲಿನ ಎಳೆಯನ್ನು ನೆರಳಿಲ್ಲದ ಬೆಳಕಿನಲ್ಲಿ ನೋಡಲೆಂದು. ನಿಮ್ಮ ಗೋದಾಮಿಗೆ ಅಂಥ ಚಾವಣಿಯಿದ್ದರೆ ಅದೇ ದೊಡ್ಡ ಭಾಗ್ಯ. ಇಲ್ಲದಿದ್ದರೆ ಇಳಿಜಾರು ಚಾವಣಿಯ ಉತ್ತರದ ಮಗ್ಗುಲಿಗೆ, ದಕ್ಷಿಣಾರ್ಧಗೋಳದಲ್ಲಾದರೆ ದಕ್ಷಿಣದ ಮಗ್ಗುಲಿಗೆ, ಕಿಂಡಿಗಳನ್ನು ಕೂರಿಸಿ. ಉಷ್ಣವಲಯದಲ್ಲಿ ವರ್ಷದ ಕೆಲವು ತಿಂಗಳು ಸೂರ್ಯ ಉತ್ತರಕ್ಕೂ ಬರುವುದರಿಂದ ಅಲ್ಲಿ ಪಾರದರ್ಶಕಕ್ಕಿಂತ ಹಾಲುಬಿಳುಪಿನ ಹಾಳೆಯೇ ಸೂಕ್ತ.

ಕಡಿಮೆ ಖರ್ಚಿನ ಬೆಳಕಿಂಡಿಗೆ ಟೊಳ್ಳು ಪದರಗಳ, ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಹಾಳೆ ಉತ್ತಮ. ಗಾಜಿಗಿಂತ ಹಗುರ, ಒಡೆಯುವುದು ಅಪರೂಪ. 10 ಮಿಲಿಮೀಟರ್ ದಪ್ಪದ ಎರಡು ಪದರಗಳ ಹಾಳೆ ಒಂಟಿ ಗಾಜು ಬಿಡುವ ಶಾಖದ ಸುಮಾರು ಅರ್ಧದಷ್ಟನ್ನು ಮಾತ್ರ ಬಿಡುತ್ತದೆ. ಆದರೆ ಅದನ್ನು ಕೂರಿಸುವಾಗ ಮಾಡುವ ಸಣ್ಣ ತಪ್ಪುಗಳೇ ಮುಂದೆ ಸೋರಿಕೆಯಾಗುತ್ತವೆ. ಟೊಳ್ಳು ಕೊಳವೆಗಳು ಇಳಿಜಾರಿನ ದಿಕ್ಕಿನಲ್ಲೇ ಇರಬೇಕು, ನೇರಳಾತೀತ ಕಿರಣ ತಡೆಯುವ ಲೇಪನದ ಮೈ ಹೊರಗಿರಬೇಕು, ಮೇಲಿನ ತುದಿಗೆ ಗಾಳಿಯಾಡದ ಟೇಪನ್ನೂ ಕೆಳತುದಿಗೆ ತೇವ ಹೊರಹೋಗಬಿಡುವ ಟೇಪನ್ನೂ ಹಚ್ಚಬೇಕು. ಈ ಹಾಳೆ ಬಿಸಿಗೆ ಬಹಳ ಹಿಗ್ಗುತ್ತದೆ. ಮೀಟರಿಗೆ ಒಂದು ಡಿಗ್ರಿಗೆ 0.065 ಮಿಲಿಮೀಟರ್ ಎಂದರೆ ಅತ್ಯಲ್ಪವೆನಿಸಬಹುದು. ಮೂರು ಮೀಟರ್ ಹಾಳೆ 40 ಡಿಗ್ರಿ ಏರುಪೇರಿಗೆ ಸುಮಾರು 8 ಮಿಲಿಮೀಟರ್ ಬೆಳೆಯುತ್ತದೆ. ಸ್ಕ್ರೂವಿನ ತೂತನ್ನು ಸ್ಕ್ರೂವಿಗಿಂತ ದೊಡ್ಡದಾಗಿ ಕೊರೆದು, ಅಂಚಿನಲ್ಲಿ ಹಿಗ್ಗಲು ಎಡೆ ಬಿಡದಿದ್ದರೆ ಹಾಳೆ ಬಾಗಿ ಬಿರಿಯುವುದು ಖಂಡಿತ. ಹಳೆಯ ಶೀಟಿನ ಮೇಲಾಗಲಿ ಬೆಳಕಿಂಡಿಯ ಮೇಲಾಗಲಿ ಯಾರೂ ನೇರವಾಗಿ ಕಾಲಿಡಬಾರದು; ಹಲಗೆ, ಸುರಕ್ಷತಾ ಬೆಲ್ಟ್ ಮತ್ತು ಕೆಳಗೆ ಬಲೆ ಇಲ್ಲದೆ ಚಾವಣಿ ಏರುವ ಕೆಲಸಗಾರರನ್ನು ನೀವೇ ಕೆಳಗಿಳಿಸಬೇಕು.

ಒಳಗೆ ಬಂದ ಬೆಳಕನ್ನು ಉಳಿಸಿಕೊಳ್ಳುವುದು ಬಣ್ಣದ ಕೆಲಸ. ಹೊಳಪಿಲ್ಲದ ಬಿಳಿ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನ ಶೇಕಡ 80ಕ್ಕಿಂತ ಹೆಚ್ಚನ್ನು ಹಿಂದಿರುಗಿಸುತ್ತದೆ. ಬೆತ್ತಲೆ ಕೆಂಪು ಇಟ್ಟಿಗೆ ಮುಕ್ಕಾಲು ಪಾಲನ್ನು ನುಂಗುತ್ತದೆ. ಇಟ್ಟಿಗೆಯ ಗೋಡೆಯ ಚೆಲುವನ್ನು ನಾನೂ ಮೆಚ್ಚುತ್ತೇನೆ, ಆದರೆ ನಾಲ್ಕೂ ಗೋಡೆಯನ್ನು ಹಾಗೆಯೇ ಬಿಟ್ಟು ಆಮೇಲೆ ಹಗಲಲ್ಲೂ ದೀಪ ಉರಿಸುವ ಸ್ಟುಡಿಯೊವನ್ನು ಒಪ್ಪಲಾರೆ. ಕಿಟಕಿಯಿಂದ ದೂರದ ಒಂದು ಗಿಡ್ಡ ಗೋಡೆಯನ್ನು ಇಟ್ಟಿಗೆಯಾಗಿ ಉಳಿಸಿ, ಉಳಿದ ಮೂರಕ್ಕೆ, ಮುಖ್ಯವಾಗಿ ಕಿಟಕಿಗೆ ಎದುರಿನ ಗೋಡೆಗೂ ಕಿಟಕಿಯಿರುವ ಗೋಡೆಗೂ, ಬಿಳಿ ಹಚ್ಚಿ, ಟ್ರಸ್‌ಗಳಿಗೂ ಹಚ್ಚಿ. ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೆಯ ಗೋಡೆಗೆ ಪ್ಲಾಸ್ಟಿಕ್ ಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಪದರ ಏಳುತ್ತದೆ, ಇಟ್ಟಿಗೆ ಉದುರುತ್ತದೆ. ಅಂಥ ಗೋಡೆ ಉಸಿರಾಡುವಂತೆ ಬಿಡುವ ಸುಣ್ಣವನ್ನೇ ಬಳಿಯಬೇಕು, ಅದು ಅಗ್ಗವೂ ಹೌದು. ನೀಲಿ, ಕೆನೆಬಣ್ಣದ ಛಾಯೆಯಿರುವ ಬಿಳಿ ಬೇಡ. ಗೋಡೆಯ ಛಾಯೆ ಮೇಜಿನ ಮೇಲಿನ ಪ್ರತಿ ಬಣ್ಣದಲ್ಲೂ ಬೆರೆಯುತ್ತದೆ.

ಕೃತಕ ದೀಪಗಳನ್ನು ಆರು ಮೀಟರ್ ಮೇಲಿನ ಟ್ರಸ್‌ಗೆ ಕಟ್ಟಿದರೆ ಬೆಳಕು ಅರ್ಧ ದಾರಿಯಲ್ಲೇ ಚದರಿಹೋಗುತ್ತದೆ. ನೀಳವಾದ ಎಲ್‌ಇಡಿ ಪಟ್ಟಿಗಳನ್ನು ನೆಲದಿಂದ ಸುಮಾರು ಮೂರು ಮೀಟರ್ ಎತ್ತರಕ್ಕೆ ಇಳಿಬಿಟ್ಟು, ಇಡೀ ಹಜಾರಕ್ಕೆ 300 ಲಕ್ಸ್ ಸಿಗುವಂತೆ ಮಾಡಿ, ಉಳಿದದ್ದನ್ನು ಮೇಜಿನ ದೀಪಕ್ಕೆ ಬಿಡುವುದು ಮಿತವ್ಯಯದ ದಾರಿ. 4000 ಕೆಲ್ವಿನ್ ಬಣ್ಣದ, ಅಂದರೆ ಹಳದಿಯೂ ನೀಲಿಯೂ ಅಲ್ಲದ ನಡುಬಿಳುಪಿನ, 90ಕ್ಕಿಂತ ಹೆಚ್ಚಿನ ವರ್ಣ ನಿಷ್ಠೆಯ ಸೂಚ್ಯಂಕವಿರುವ (ವಸ್ತುಗಳ ಬಣ್ಣವನ್ನು ದೀಪ ಎಷ್ಟು ನಿಜವಾಗಿ ತೋರಿಸುತ್ತದೆಂಬ ಅಳತೆ) ದೀಪಗಳನ್ನೇ ಆಯ್ದುಕೊಳ್ಳಿ. ಕಿಟಕಿಯ ಸಾಲಿನ ದೀಪಗಳಿಗೂ ನಡುವಿನ ಸಾಲಿಗೂ ಬೇರೆ ಬೇರೆ ಸ್ವಿಚ್ ಇರಲಿ.

ಕಾವು ಮತ್ತು ಸದ್ದಿಗೆ ಒಂದೇ ಉತ್ತರ

ತಗಡಿನ ಚಾವಣಿ ಬೇಸಿಗೆಯಲ್ಲಿ ಕಾದ ಬಾಣಲೆಯಾಗುತ್ತದೆ, ಚಳಿಯಲ್ಲಿ ಒಳಗಿನ ಶಾಖವನ್ನೆಲ್ಲ ಆಕಾಶಕ್ಕೆ ಚೆಲ್ಲುತ್ತದೆ. ಅದೇ ಚಾವಣಿಯ ಕೆಳಗೆ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಹಲವು ಸೆಕೆಂಡ್ ಅಲೆದಾಡುತ್ತದೆ. ಹಲವರು ಮೊದಲನೆಯದಕ್ಕೆ ಶಾಖತಡೆಯನ್ನೂ, ವರ್ಷದ ನಂತರ ಎರಡನೆಯದಕ್ಕೆ ದುಬಾರಿ ಶಬ್ದಫಲಕಗಳನ್ನೂ ಬೇರೆ ಬೇರೆಯಾಗಿ ಕೊಳ್ಳುತ್ತಾರೆ. ಎರಡನ್ನೂ ಒಟ್ಟಿಗೆ ಯೋಚಿಸಿದರೆ ಖರ್ಚು ಬಹಳ ಇಳಿಯುತ್ತದೆ.

ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ವ್ಯಾಲೇಸ್ ಸಬೈನ್ 1890ರ ದಶಕದಲ್ಲಿ, ಮಾತೇ ಅರ್ಥವಾಗದಷ್ಟು ಗುಂಯ್ಗುಡುತ್ತಿದ್ದ ಉಪನ್ಯಾಸ ಮಂದಿರವೊಂದಕ್ಕೆ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊತ್ತು ತಂದು ಹರಡುತ್ತ, ಎಷ್ಟು ಮೆತ್ತೆಗೆ ಸದ್ದು ಎಷ್ಟು ಬೇಗ ಅಡಗುತ್ತದೆಂದು ಅಳೆದರು. ಅಲ್ಲಿಂದ ಬಂದ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಕೋಣೆಯ ಘನ ಮೀಟರುಗಳನ್ನು 0.161ರಿಂದ ಗುಣಿಸಿ, ಸದ್ದನ್ನು ಹೀರುವ ಒಟ್ಟು ವಿಸ್ತೀರ್ಣದಿಂದ ಭಾಗಿಸಿದರೆ ಸದ್ದು ಅಡಗಲು ಹಿಡಿಯುವ ಸೆಕೆಂಡುಗಳು ದೊರೆಯುತ್ತವೆ. 20 ಮೀಟರ್ ಉದ್ದ, 12 ಮೀಟರ್ ಅಗಲ, 6 ಮೀಟರ್ ಎತ್ತರದ ಗೋದಾಮಿನ ಗಾತ್ರ 1,440 ಘನ ಮೀಟರ್. ಒಳಮೈಗಳ ಮೊತ್ತ 864 ಚದರ ಮೀಟರ್. ಕಾಂಕ್ರೀಟು, ಇಟ್ಟಿಗೆ, ತಗಡುಗಳು ಸದ್ದಿನ ಶೇಕಡ 5ರಷ್ಟನ್ನು ಮಾತ್ರ ಹೀರುತ್ತವೆಂದು ಹಿಡಿದರೆ ಹೀರುವ ವಿಸ್ತೀರ್ಣ ಸುಮಾರು 43 ಚದರ ಮೀಟರ್, ಸದ್ದು ಅಡಗುವ ಹೊತ್ತು ಐದು ಸೆಕೆಂಡಿಗೂ ಹೆಚ್ಚು. ನೆಮ್ಮದಿಯ ಕೆಲಸಕ್ಕೆ ಅದು ಒಂದು ಸೆಕೆಂಡಿನ ಸುತ್ತಮುತ್ತ ಇರಬೇಕು.

ಈಗ ಬೆಳಕಿಂಡಿಗಳನ್ನು ಬಿಟ್ಟು ಉಳಿದ ಸುಮಾರು 220 ಚದರ ಮೀಟರ್ ಚಾವಣಿಯ ಒಳಮೈಗೆ, ಕಲ್ಲು ಅಥವಾ ಗಾಜನ್ನು ಕರಗಿಸಿ ಎಳೆ ಮಾಡಿದ ಖನಿಜ ಉಣ್ಣೆಯ ಪದರ ಹೊದಿಸಿದಿರೆಂದು ಭಾವಿಸಿ. ತಗಡಿನ ಕೆಳಗೆ 100 ಮಿಲಿಮೀಟರ್ ಉಣ್ಣೆ, ಅದರ ಕೆಳಗೆ ಆವಿ ತಡೆಯುವ ಹಾಳೆ, ಮತ್ತೆ ಅದರ ಕೆಳಗೆ ಬಿಳಿಯ ಗಾಜಿನೆಳೆಯ ಬಟ್ಟೆ ಹೊದ್ದ 50 ಮಿಲಿಮೀಟರ್ ಉಣ್ಣೆ. ಮೇಲಿನ ಪದರ ಶಾಖವನ್ನು ತಡೆಯುತ್ತದೆ, ಕೆಳಗಿನದು ಸದ್ದನ್ನು ಹೀರುತ್ತದೆ, ಬಿಳಿ ಬಟ್ಟೆ ಬೆಳಕನ್ನು ಹಿಂದಿರುಗಿಸುತ್ತದೆ. ಮೇಲಿನ ಸೂತ್ರದ ಪ್ರಕಾರ ಇಷ್ಟರಿಂದಲೇ ಸದ್ದು ಅಡಗುವ ಹೊತ್ತು ಸುಮಾರು ಒಂದು ಸೆಕೆಂಡಿಗೆ ಇಳಿಯುತ್ತದೆ. ಪುಸ್ತಕದ ಕಪಾಟು, ದಪ್ಪ ಪರದೆ ಮತ್ತು ಜನರು ಸೇರಿದ ಮೇಲೆ ಇನ್ನಷ್ಟು. ಆವಿತಡೆಯನ್ನು ಒಳಬದಿಗೆ ಇಡುವುದು ತಂಪು ದೇಶಗಳ ಕ್ರಮ, ಏಕೆಂದರೆ ಅಲ್ಲಿ ಒಳಗಿನ ಬೆಚ್ಚನೆಯ ತೇವ ತಣ್ಣನೆಯ ತಗಡಿಗೆ ತಾಗಿ ಹನಿಯಾಗುತ್ತದೆ. ಸೆಕೆ ಮತ್ತು ತೇವ ಹೆಚ್ಚಿರುವಲ್ಲಿ, ಒಳಗೆ ಹವಾನಿಯಂತ್ರಣವಿದ್ದರೆ, ಈ ಕ್ರಮ ತಿರುವುಮುರುವಾಗುತ್ತದೆ. ಈ ಪದರಗಳ ತೂಕ ಚದರ ಮೀಟರಿಗೆ ಐದಾರು ಕಿಲೋಗ್ರಾಂ, ಒಟ್ಟಾರೆ ಒಂದು ಟನ್ನಿಗೂ ಮೀರುವುದರಿಂದ ಎಂಜಿನಿಯರ್ ಪಟ್ಟಿಯಲ್ಲಿ ಇದು ಮೊದಲಿರಲಿ. ಖನಿಜ ಉಣ್ಣೆಯ ಬದಲು ಅಗ್ಗವೆಂದು ಪಾಲಿಯುರೆಥೇನ್ ನೊರೆ ಸಿಂಪಡಿಸಿ ಬೆತ್ತಲೆ ಬಿಡಬೇಡಿ. ಬೆಂಕಿ ತಗುಲಿದರೆ ಅದು ವೇಗವಾಗಿ ಹಬ್ಬಿ ವಿಷಹೊಗೆ ಉಗುಳುತ್ತದೆ.

ಆರು ಮೀಟರ್ ಎತ್ತರದ ಗಾಳಿಯನ್ನೆಲ್ಲ ಯಂತ್ರದಿಂದ ತಂಪು ಮಾಡುವ ಅಥವಾ ಬಿಸಿ ಮಾಡುವ ಆಸೆಯನ್ನು ಬಿಟ್ಟುಬಿಡಿ. ಸಭೆ, ಫೋನ್ ಮಾತುಕತೆ, ಮುದ್ರಣಯಂತ್ರ ಇವುಗಳಿಗೆ ಎರಡೂವರೆ ಮೀಟರ್ ಎತ್ತರದ ಪುಟ್ಟ ಕೋಣೆಗಳನ್ನು ಹಜಾರದೊಳಗೆ ಕಟ್ಟಿ ಅವಕ್ಕೆ ಮಾತ್ರ ಯಂತ್ರ ಹಾಕಿ. ಹಜಾರಕ್ಕೆ ಕೆಳಗೆ ತಂಪು ಬದಿಯಲ್ಲಿ ತೆರೆಯುವ ಕಿಂಡಿ, ಮೇಲೆ ಚಾವಣಿಯ ತುದಿಯಲ್ಲಿ ತೆರೆಯುವ ಕಿಂಡಿ ಇದ್ದರೆ ಬಿಸಿ ಗಾಳಿ ತಾನಾಗಿ ಮೇಲೇರಿ ಹೊರಹೋಗುತ್ತದೆ. ಗೋದಾಮಿನ ಎತ್ತರ ನಿಜವಾಗಿ ನೆರವಿಗೆ ಬರುವುದು ಇಲ್ಲಿಯೇ. ಚಳಿಗಾಲದಲ್ಲಿ ನಿಧಾನವಾಗಿ ತಿರುಗುವ ದೊಡ್ಡ ಫ್ಯಾನು ಮೇಲೆ ನಿಂತ ಬಿಸಿಯನ್ನು ಕೆಳಗಿಳಿಸುತ್ತದೆ.

ಚಾವಣಿಯ ಕೆಳಗೆ

ಬೆಳಕಿನ ನಕ್ಷೆಯನ್ನೇ ಮೇಜುಗಳ ನಕ್ಷೆಯಾಗಿ ಬಳಸಿ. ಕೈಕೆಲಸ, ಬಣ್ಣ, ಮಾದರಿ ತಯಾರಿಕೆಗಳು ಹೆಚ್ಚು ಬೆಳಕಿರುವಲ್ಲಿ. ಕಂಪ್ಯೂಟರ್ ಪರದೆಗಳು ಅದರ ಪಕ್ಕದಲ್ಲಿ, ಕಿಟಕಿಗೆ ಅಡ್ಡವಾಗಿ. ಪರದೆಯ ಹಿಂದೆ ಕಿಟಕಿಯಿದ್ದರೆ ಕಣ್ಣು ಕೋರೈಸುತ್ತದೆ, ಎದುರಿಗಿದ್ದರೆ ಪರದೆಯಲ್ಲಿ ಕಿಟಕಿಯೇ ಕಾಣುತ್ತದೆ. ಅತಿ ಕತ್ತಲಿನ ಮೂಲೆಯನ್ನು ಬೆಳಗಿಸಲು ಹೆಣಗದೆ ಅಲ್ಲಿಯೇ ಅಟ್ಟ ಕಟ್ಟಿ. ಅಟ್ಟದ ಮೇಲೂ ಕೆಳಗೂ ತಲಾ 2.3 ಮೀಟರ್ ಆದರೂ ಎತ್ತರ ಉಳಿಯಬೇಕು, ಮತ್ತು ಅದರ ಭಾರ ತನ್ನದೇ ಕಂಬಗಳ ಮೂಲಕ ಗಟ್ಟಿ ನೆಲಕ್ಕೆ ಇಳಿಯಬೇಕು. ಅಟ್ಟದ ಕೆಳಗೆ ಉಗ್ರಾಣ, ಶೌಚಾಲಯ, ಸರ್ವರ್, ಜೊತೆಗೆ ಬಣ್ಣ ಪರೀಕ್ಷಿಸುವ ಒಂದು ಬೂದುಗೋಡೆಯ ಗೂಡು. ಮುದ್ರಿತ ಬಣ್ಣವನ್ನು ಕಟ್ಟುನಿಟ್ಟಾಗಿ ಹೋಲಿಸಲು ಐಎಸ್‌ಒ 3664 ಮಾನದಂಡ ಡಿ50 ಎಂಬ, ಸುಮಾರು 5000 ಕೆಲ್ವಿನ್‌ನ, 2000 ಲಕ್ಸ್ ಬೆಳಕನ್ನು ಹೇಳುತ್ತದೆ. ಗಂಟೆಗಂಟೆಗೆ ಬದಲಾಗುವ ಹಗಲ ಬೆಳಕು ಅದಕ್ಕೆ ಒಗ್ಗದ ಕಾರಣ ಈ ಕೆಲಸಕ್ಕೆ ಕತ್ತಲ ಮೂಲೆಯೇ ಸರಿ.

ಹಳೆಯ ವಿದ್ಯುತ್ ತಂತಿಗಳನ್ನು ನಂಬಬೇಡಿ. ಮುಖ್ಯ ಸಂಪರ್ಕವನ್ನು ಉಳಿಸಿಕೊಂಡು ಒಳಗಿನ ಜಾಲವನ್ನು ಹೊಸದಾಗಿ, ಪ್ರತಿ ಸರ್ಕ್ಯೂಟಿಗೂ 30 ಮಿಲಿಆಂಪಿಯರ್ ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ರಕ್ಷಣೆಯೊಂದಿಗೆ ಹಾಕಿಸಿ. ನೆಲ ಅಗೆಯದೆ ಗೋಡೆಯುದ್ದಕ್ಕೂ ತಂತಿಗಳನ್ನು ತೆರೆದ ಟ್ರೇಯಲ್ಲಿ ಸಾಗಿಸಿದರೆ ಮೇಜುಗಳನ್ನು ಸರಿಸಿದಾಗ ತಂತಿಯನ್ನೂ ಸರಿಸಬಹುದು. ಹೊರಹೋಗುವ ಬಾಗಿಲುಗಳು ಎರಡಾದರೂ ಇರಲಿ, ಹೊರಮುಖವಾಗಿ ತೆರೆಯಲಿ. ರೋಲಿಂಗ್ ಶಟರ್ ಎಷ್ಟೇ ಅಗಲವಿದ್ದರೂ ತುರ್ತು ನಿರ್ಗಮನದ ಲೆಕ್ಕಕ್ಕೆ ಬರುವುದಿಲ್ಲ. ಆ ಶಟರಿನ ಹಿಂದೆ ಗಾಜಿನ ಚೌಕಟ್ಟೊಂದನ್ನು ನಿಲ್ಲಿಸಿದರೆ ಹಗಲೆಲ್ಲ ದೊಡ್ಡ ಕಿಟಕಿಯೊಂದು ಸಿಕ್ಕಂತಾಗುತ್ತದೆ.

ಪೀಠೋಪಕರಣಕ್ಕೆ ಹೆಚ್ಚು ಮಾತು ಬೇಡ. ನಯವಾದ ಫ್ಲಶ್ ಬಾಗಿಲನ್ನು ಎರಡು ಕುದುರೆಕಾಲುಗಳ ಮೇಲೆ ಇಟ್ಟರೆ 73 ಸೆಂಟಿಮೀಟರ್ ಎತ್ತರದ ಒಳ್ಳೆಯ ಮೇಜು; ನಿಂತು ಕತ್ತರಿಸುವ ಮೇಜು 90 ಸೆಂಟಿಮೀಟರ್ ಇದ್ದು ಸುತ್ತಲೂ ಓಡಾಡುವಂತಿರಲಿ. ಸಾಗಣೆಯ ಮರದ ಪ್ಯಾಲೆಟ್‌ಗಳನ್ನು ಬಳಸುವುದಾದರೆ ಅವುಗಳ ಮೇಲಿನ ಮುದ್ರೆ ನೋಡಿ: ಎಚ್‌ಟಿ ಎಂದರೆ ಶಾಖದಿಂದ ಸಂಸ್ಕರಿಸಿದ್ದು, ಎಂಬಿ ಎಂದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು. ಎರಡನೆಯದನ್ನು ಒಳಗೆ ತರಬೇಡಿ. ಕುರ್ಚಿಯಲ್ಲಿ ಮಾತ್ರ ಜಿಪುಣತನ ಬೇಡ. ಮುಚ್ಚಿಹೋದ ಕಚೇರಿಗಳಿಂದ ಬಳಸಿದ ಒಳ್ಳೆಯ ಕುರ್ಚಿಗಳು ಹೊಸ ಕಳಪೆ ಕುರ್ಚಿಗಳ ಬೆಲೆಗೇ ಸಿಗುತ್ತವೆ.

ಕೆಲಸ ಆರಂಭವಾಗಿ ಒಂದು ಋತು ಕಳೆದ ಮೇಲೆ ಲಕ್ಸ್ ಮೀಟರ್ ಹಿಡಿದು ಹಳೆಯ ನಕ್ಷೆಯ ಅದೇ ಬಿಂದುಗಳಲ್ಲಿ ಮತ್ತೆ ಅಳೆಯಿರಿ, ಬಿಸಿಲ ಪಟ್ಟೆ ಬೀಳುವ ಮೇಜುಗಳನ್ನು ಸರಿಸಿ ಇಲ್ಲವೇ ಮೇಲೆ ತೆಳುಬಟ್ಟೆ ಕಟ್ಟಿ. ಬೆಳಕಿಂಡಿಗಳನ್ನು ವರ್ಷಕ್ಕೆ ಎರಡು ಬಾರಿಯಾದರೂ ಮೆತ್ತನೆಯ ಬಟ್ಟೆ, ಸೌಮ್ಯ ಸೋಪಿನ ನೀರಿನಿಂದ ತೊಳೆಯಬೇಕು. ಅದಕ್ಕೆ ಬೇಕಾದ ಏಣಿಯ ಕೊಂಡಿಗಳನ್ನೂ ಸುರಕ್ಷತಾ ಹಗ್ಗ ಕಟ್ಟುವ ಕೊಕ್ಕೆಗಳನ್ನೂ ಚಾವಣಿಯ ಕೆಲಸ ನಡೆಯುತ್ತಿರುವಾಗಲೇ ಹಾಕಿಸಿಕೊಂಡಿರಿ.